ಬೇರು ತಿಂದದ್ದೆಷ್ಟು, ಬಡಿಸಿದ್ದೆಷ್ಟು?

ಈ ವಾರ ಬಂದ ಕಾಗದಗಳಲ್ಲಿ ಒಂದು ತಕರಾರಿನ ಕಾಗದವೂ ಇತ್ತು. ಬರೆದವಳು ಆರನೆಯ ತರಗತಿಯ ಹುಡುಗಿ. ತಕರಾರು ಅವಳಿಗೂ ಅವಳ ತಾತನಿಗೂ. "ನಮ್ಮ ಹಿತ್ತಲಿನ ಅವರೆ ಗಿಡ ಕಾಯಿ ಬಿಟ್ಟು ಮುಗಿದು ಒಣಗಿದೆ. ಬೇರುಸಹಿತ ಕಿತ್ತು ಜಾಗ ಚೊಕ್ಕಟ ಮಾಡೋಣ ಅಂದೆ. ತಾತ ಬೇಡ ಅಂದರು. ಬುಡಕ್ಕೆ ಕುಡುಗೋಲು ಹಾಕಿ ಕೊಯ್ಯಿ, ಬೇರು ಅಲ್ಲೇ ಇರಲಿ ಅಂತಾರೆ. ಬೇರು ಅಲ್ಲೇ ಇದ್ದರೆ ಮಣ್ಣಿನ ಸಾರವನ್ನೆಲ್ಲ ತಿಂದುಬಿಡೋದಿಲ್ವಾ ಸಾರ್? ಯಾರು ಸರಿ ಅಂತ ನೀವೇ ಹೇಳಿ. ತಾತನಿಗೂ ಓದಿ ಹೇಳ್ತೀನಿ."

ತಾತ-ಮೊಮ್ಮಗಳ ನಡುವೆ ಪಂಚಾಯ್ತಿ ಮಾಡುವುದು ಅಪಾಯದ ಕೆಲಸ. ಆದರೂ ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ: ಹನ್ನೆರಡಾಣೆ ತಾತನ ಕಡೆಗೆ, ನಾಲ್ಕಾಣೆ ಮೊಮ್ಮಗಳ ಕಡೆಗೆ. (ಆಣೆಯ ಲೆಕ್ಕ ಗೊತ್ತಿಲ್ಲದ ಮಕ್ಕಳು ಪಕ್ಕದಲ್ಲಿ ಕೂತಿರುವ ಅಜ್ಜ-ಅಜ್ಜಿಯನ್ನು ಕೇಳಿ. ಈ ಅಂಕಣ ಮುಗಿಸಿ ಕೇಳಿದರೆ ಇನ್ನೂ ಒಳ್ಳೆಯದು.) ಆ ನಾಲ್ಕಾಣೆ ಯಾಕೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ತಾತನ ಹನ್ನೆರಡಾಣೆ.

ಬೇರು ಮಣ್ಣನ್ನು ತಿನ್ನುತ್ತದೆ ಎಂದುಕೊಂಡವಳು ನೀನೊಬ್ಬಳೇ ಅಲ್ಲ, ಪುಟ್ಟಿ. ಯುರೋಪಿನ ದೊಡ್ಡ ದೊಡ್ಡ ಪಂಡಿತರೂ ಬಹಳ ಕಾಲ ಹಾಗೆಯೇ ನಂಬಿದ್ದರು. ನಿಜವೋ ಸುಳ್ಳೋ ತೂಗಿ ನೋಡೋಣ ಎಂದು ತಕ್ಕಡಿ ಹಿಡಿದವನು ಬ್ರಸೆಲ್ಸ್ ಕಡೆಯ ವೈದ್ಯ, ಫಾನ್ ಹೆಲ್ಮಾಂಟ್. ಅವನು ಒಂದು ದೊಡ್ಡ ಮಣ್ಣಿನ ಕುಂಡ ತಂದು, ಚೆನ್ನಾಗಿ ಒಣಗಿಸಿದ 200 ಪೌಂಡ್ ಮಣ್ಣನ್ನು ತೂಗಿ ತುಂಬಿಸಿದ. ನಮ್ಮ ಲೆಕ್ಕದಲ್ಲಿ ಸುಮಾರು 90 ಕೆ.ಜಿ. ಅದರಲ್ಲಿ 5 ಪೌಂಡ್ ತೂಕದ ವಿಲ್ಲೋ ಸಸಿ ನೆಟ್ಟ. ಧೂಳು ಬೀಳದಂತೆ ಕುಂಡದ ಬಾಯಿಗೆ ತೂತುಗಳಿರುವ ಮುಚ್ಚಳ ಹಾಕಿದ. ಮಳೆನೀರು ಬಿಟ್ಟರೆ ಬೇರೇನೂ ಕೊಡಲಿಲ್ಲ. ಒಂದಲ್ಲ, ಎರಡಲ್ಲ, ಐದು ವರ್ಷ ಕಾದ. ಆಮೇಲೆ ಮರವನ್ನು ಕಿತ್ತು ತೂಗಿದ: 169 ಪೌಂಡ್ ಚಿಲ್ಲರೆ. ನಾಲ್ಕು ವರ್ಷ ಉದುರಿದ ಎಲೆಗಳ ಲೆಕ್ಕ ಇದರಲ್ಲಿ ಇಲ್ಲ. ಈಗ ಮಣ್ಣನ್ನು ಮತ್ತೆ ಒಣಗಿಸಿ ತೂಗಿದ. ಕಡಿಮೆಯಾದದ್ದು ಎಷ್ಟು ಹೇಳು ನೋಡೋಣ? ಬರೀ 2 ಔನ್ಸ್. ಅಂದರೆ ಐವತ್ತೈದು-ಅರವತ್ತು ಗ್ರಾಂ. ಒಂದು ಹಿಡಿ ಕಡಲೆಕಾಯಿ ಬೀಜದಷ್ಟು.

ಮರ ಮೈ ತುಂಬಿಕೊಂಡದ್ದು ಮಣ್ಣನ್ನು ತಿಂದಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಹಾಗಾದರೆ ನೀರಿನಿಂದಲೇ ಎಲ್ಲ ಆಯಿತು ಎಂದು ಅವನು ತೀರ್ಮಾನಿಸಿದ. ಅಲ್ಲಿ ಎಡವಿದ. ಎಲೆಗಳು ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತವೆ ಎಂಬುದು ಗೊತ್ತಾಗಲು ಇನ್ನೂ ನೂರೈವತ್ತು ವರ್ಷ ಹಿಡಿಯಿತು. ಆದರೂ ಸೈ ಎನ್ನಬೇಕಾದ ಪ್ರಯೋಗ. ಅವನು ತೀರಿಕೊಂಡ ಮೇಲೆ, 1648ರಲ್ಲಿ, ಮಗ ಅದನ್ನು ಅಚ್ಚು ಹಾಕಿಸಿದ.

ಆ ಎರಡು ಔನ್ಸ್ ಲೆಕ್ಕಕ್ಕಿಲ್ಲ ಎಂದು ಮಾತ್ರ ತಿಳಿಯಬೇಡಿ. ಸಾರಿಗೆ ಹಾಕುವ ಉಪ್ಪು ಎಷ್ಟು? ಒಂದು ಚಮಚ. ಆ ಚಮಚ ಇಲ್ಲದಿದ್ದರೆ ಊಟವಿಲ್ಲ. ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣದ ಅಂಶ, ಕಬ್ಬಿಣ, ಸತು ಇವೆಲ್ಲ ಗಿಡಕ್ಕೆ ಆ ಉಪ್ಪಿನ ಹಾಗೆ. ಬೇಕಾದದ್ದು ಸ್ವಲ್ಪವೇ, ಆದರೆ ಬೇಕೇ ಬೇಕು. ಅದನ್ನು ನೀರಿನ ಜೊತೆಗೆ ಹೀರಿ ಮೇಲಕ್ಕೆ ಕಳಿಸುವುದು ಬೇರು. ಹೊಲದ ಸಾರ ಕಡಿಮೆಯಾಗುವುದು ಆ ಅಂಶಗಳು ಕಾಳಿನ ಮೂಟೆಯಲ್ಲಿ, ಸೊಪ್ಪಿನ ಹೊರೆಯಲ್ಲಿ, ಹುಲ್ಲಿನ ಗಾಡಿಯಲ್ಲಿ ಕೂತು ಹೊಲ ಬಿಟ್ಟು ಹೋದಾಗ. ಬೇರು ಎಲ್ಲಿಗೂ ಹೋಗುವುದಿಲ್ಲ. ಅದು ತಿಂದದ್ದೂ ಅಲ್ಲೇ ಇರುತ್ತದೆ. ಅದರಲ್ಲೂ ಕಾಯಿ ಮುಗಿಸಿ ಒಣಗಿದ ಅವರೆಯ ಬೇರಿಗೆ ತಿನ್ನುವ ಶಕ್ತಿ ಎಲ್ಲಿ ಉಳಿದಿದೆ? ಅದನ್ನೇ ಈಗ ಬೇರೆಯವರು ತಿನ್ನಬೇಕು.

ಬೇರನ್ನು ನಾವು ಸರಿಯಾಗಿ ನೋಡಿಯೇ ಇರುವುದಿಲ್ಲ. ಗಿಡ ಕಿತ್ತಾಗ ಕೈಗೆ ಬರುವುದು ದಪ್ಪ ಬೇರುಗಳು ಮಾತ್ರ. ಅವು ಊರಿನ ಹೆದ್ದಾರಿ ಇದ್ದಹಾಗೆ. ಓಣಿ, ಗಲ್ಲಿ, ಸಂದಿಗಳೆಲ್ಲ ಮಣ್ಣಿನಲ್ಲೇ ಹರಿದು ಉಳಿದುಬಿಡುತ್ತವೆ. ಅಮೆರಿಕದ ಸಸ್ಯವಿಜ್ಞಾನಿ ಹೋವರ್ಡ್ ಡಿಟ್ಮರ್ ಎಂಬವರು ಈ ಗಲ್ಲಿ-ಸಂದಿಗಳನ್ನೂ ಬಿಡದೆ ಅಳೆದರು. ಗೋಧಿಯ ನೆಂಟನಾದ ರೈ ಎಂಬ ಧಾನ್ಯದ ಒಂದೇ ಒಂದು ಗಿಡವನ್ನು ಅವರು ಒಂದು ಅಡಿ ಉದ್ದ, ಒಂದು ಅಡಿ ಅಗಲ, ಎರಡು ಅಡಿಗೂ ಕಡಿಮೆ ಆಳದ ಪೆಟ್ಟಿಗೆಯಲ್ಲಿ ನಾಲ್ಕು ತಿಂಗಳು ಬೆಳೆಸಿದರು. ಆಮೇಲೆ ಮಣ್ಣನ್ನೆಲ್ಲ ಮೆತ್ತಗೆ ತೊಳೆದು ತೆಗೆದು ಬೇರನ್ನು ಎಣಿಸಿ, ಅಳೆದು, 1937ರಲ್ಲಿ ಲೆಕ್ಕ ಪ್ರಕಟಿಸಿದರು. ಎಲ್ಲ ಬೇರುಗಳನ್ನು ತುದಿಗೆ ತುದಿ ಜೋಡಿಸಿದರೆ 620 ಕಿಲೋಮೀಟರಿಗೂ ಹೆಚ್ಚು. ಹೆಚ್ಚುಕಡಿಮೆ ಬೆಂಗಳೂರಿನಿಂದ ಕಲಬುರಗಿಗೆ ಹೋದಷ್ಟು ದೂರ, ಒಂದು ಪೆಟ್ಟಿಗೆಯೊಳಗೆ! ಆ ಬೇರಿನ ಮೈಮೇಲೆ ಇದ್ದ ಬೇರುಕೂದಲುಗಳು ಸುಮಾರು 1,400 ಕೋಟಿ. ಅವುಗಳ ಒಟ್ಟು ಉದ್ದ 10,000 ಕಿಲೋಮೀಟರ್ ದಾಟಿತ್ತು. ಎಲ್ಲವನ್ನೂ ಒಂದೊಂದಾಗಿ ಎಣಿಸಿದರೇ ಎಂದು ಕೇಳಬೇಡಿ. ಮಾದರಿಗಳನ್ನು ಎಣಿಸಿ ಗುಣಿಸಿದ ಲೆಕ್ಕ. ಆದರೂ ಎಂಥ ತಾಳ್ಮೆ!

ಬೇರುಕೂದಲು ನೋಡಬೇಕೇ? ಒದ್ದೆ ಬಿಳಿ ಬಟ್ಟೆಯ ಮೇಲೆ ಸಾಸಿವೆ ಅಥವಾ ಮೂಲಂಗಿ ಬೀಜ ಹರಡಿ, ಮೇಲೊಂದು ತಟ್ಟೆ ಮುಚ್ಚಿ ಇಡಿ. ಎರಡು-ಮೂರು ದಿನದಲ್ಲಿ ಮೊಳಕೆಯ ಬೇರಿನ ಸುತ್ತ ಬಿಳಿಯ ನಯವಾದ ನವಿರು ಕಾಣುತ್ತದೆ. ಬೂಷ್ಟು ಬಂದಿದೆ ಎಂದು ಅಮ್ಮ ಎಸೆಯಲು ಹೊರಟರೆ ತಡೆಯಿರಿ. ಅದೇ ಬೇರುಕೂದಲು. ಒಂದೊಂದೂ ಒಂದೇ ಜೀವಕೋಶದ ಉದ್ದನೆಯ ಬೆರಳು. ನೀರನ್ನೂ ಲವಣವನ್ನೂ ಹೀರುವುದರಲ್ಲಿ ದೊಡ್ಡ ಪಾಲು ಇದರದೇ. ಆಯಸ್ಸು ಕೆಲವೇ ದಿನ, ಹಳೆಯವು ಉದುರುತ್ತ ಹೊಸವು ಬರುತ್ತಲೇ ಇರುತ್ತವೆ. ಸಸಿ ಕಿತ್ತು ಬೇರೆಡೆ ನೆಟ್ಟಾಗ, ನೀರು ಎಷ್ಟು ಹಾಕಿದರೂ, ಅದು ಒಂದೆರಡು ದಿನ ಸೊರಗಿ ತಲೆ ಬಾಗಿಸುತ್ತದಲ್ಲ, ಅದಕ್ಕೆ ಕಾರಣ ಈ ಕೂದಲುಗಳು ಹರಿದುಹೋಗಿರುವುದು. ಪಾತಿಯಿಂದ ಪೈರು ಕೀಳುವ ಮೊದಲು ನೀರು ಹಾಯಿಸುವುದು, ಬಿಸಿಲು ಇಳಿದ ಮೇಲೆ ನಾಟಿ ಮಾಡುವುದು, ಬೇರಿಗೆ ಮಣ್ಣು ಕಚ್ಚಿಕೊಂಡಿರುವಂತೆಯೇ ಎತ್ತುವುದು, ಇವೆಲ್ಲ ಅಜ್ಜಂದಿರು ಸೂಕ್ಷ್ಮದರ್ಶಕ ಇಲ್ಲದೆ ಕಂಡುಕೊಂಡ ಉಪಾಯ.

ಬೇರಿನ ತುದಿಗೆ ಒಂದು ಟೊಪ್ಪಿಗೆ ಇರುತ್ತದೆ. ಮಣ್ಣಿನ ಹರಳುಗಳ ನಡುವೆ ನುಗ್ಗುವಾಗ ಎಳೆಯ ತುದಿಗೆ ಗಾಯವಾಗದಿರಲೆಂದು. ಟೊಪ್ಪಿಗೆ ಸವೆಯುತ್ತದೆ, ಹೊಸದು ಬೆಳೆಯುತ್ತದೆ, ಜೊತೆಗೆ ಜಾರಲು ಅನುಕೂಲವಾಗುವಂತೆ ಲೋಳೆಯನ್ನೂ ಸುರಿಸುತ್ತದೆ. ಕೆಳಗೆ ಯಾವುದು ಮೇಲೆ ಯಾವುದು ಎಂದು ಕತ್ತಲಲ್ಲಿ ಬೇರಿಗೆ ತಿಳಿಸುವುದೂ ಈ ಟೊಪ್ಪಿಗೆಯೇ. ಅದರ ಜೀವಕೋಶಗಳಲ್ಲಿ ಪಿಷ್ಟದ ಪುಟ್ಟ ಹರಳುಗಳಿವೆ. ಅವು ಭಾರಕ್ಕೆ ಯಾವ ಬದಿಗೆ ಕೂರುತ್ತವೋ ಅದೇ ಕೆಳಗು. ಮೊಳಕೆ ಕಾಳನ್ನು ಅಡ್ಡ ಮಲಗಿಸಿಟ್ಟು ಮರುದಿನ ನೋಡಿ, ತುದಿ ಬಾಗಿ ನೆಲದ ಕಡೆ ತಿರುಗಿರುತ್ತದೆ.

ಇದುವರೆಗೆ ಹೇಳಿದ್ದು ಬೇರು ತೆಗೆದುಕೊಳ್ಳುವ ಕಥೆ. ಶಾಲೆಯ ಪುಸ್ತಕದಲ್ಲಿ ಬೇರಿನ ಕೆಲಸವೇನು ಎಂಬ ಪ್ರಶ್ನೆಗೆ "ಗಿಡವನ್ನು ಮಣ್ಣಿನಲ್ಲಿ ಭದ್ರವಾಗಿ ಹಿಡಿಯುವುದು, ನೀರು ಲವಣ ಹೀರುವುದು" ಎಂದು ಬರೆದರೆ ಪೂರ್ತಿ ಅಂಕ. ನಾನೂ ಮೇಷ್ಟ್ರಾಗಿದ್ದಾಗ ಕೊಟ್ಟಿದ್ದೇನೆ. ಆದರೆ ಬೇರು ಕೊಡುವ ಕಥೆ ಅದಕ್ಕಿಂತ ಸ್ವಾರಸ್ಯವಾದದ್ದು.

ಎಲೆಗಳು ಮಾಡಿದ ಸಕ್ಕರೆಯಲ್ಲಿ ಒಂದು ಒಳ್ಳೆಯ ಪಾಲು ಕೆಳಗಿಳಿದು ಬೇರಿಗೆ ಬರುತ್ತದೆ. ಬೇರು ತನ್ನ ಬೆಳವಣಿಗೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದರಲ್ಲಿ ಒಂದಿಷ್ಟನ್ನು ಸಕ್ಕರೆ, ಹುಳಿ, ಲೋಳೆಯ ರೂಪದಲ್ಲಿ ಮಣ್ಣಿಗೆ ಬಿಡುತ್ತದೆ. ಕಷ್ಟಪಟ್ಟು ದುಡಿದದ್ದನ್ನು ಹೀಗೆ ಚೆಲ್ಲುವುದೇ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಚೆಲ್ಲುತ್ತಿಲ್ಲ, ಪಂಕ್ತಿಗೆ ಎಲೆ ಹಾಕಿ ಬಡಿಸುತ್ತಿದೆ. ಊಟಕ್ಕೆ ಬರುವವರು ಬ್ಯಾಕ್ಟೀರಿಯಾ, ಶಿಲೀಂಧ್ರ, ಇನ್ನೂ ಎಷ್ಟೋ ಬಗೆಯ ಸೂಕ್ಷ್ಮಜೀವಿಗಳು. ಬೇರಿಗೆ ತಾಗಿದ ಮಣ್ಣಿನಲ್ಲಿ ಈ ಜೀವಿಗಳ ಸಂಖ್ಯೆ ಬೇರಿಲ್ಲದ ಮಣ್ಣಿಗಿಂತ ಬಹಳ ಹೆಚ್ಚು. ಜರ್ಮನಿಯ ಲೊರೆಂಟ್ಸ್ ಹಿಲ್ಟ್‌ನರ್ 1904ರಲ್ಲಿಯೇ ಬೇರಿನ ಸುತ್ತಲಿನ ಈ ಓಣಿಗೆ ರೈಜೋಸ್ಫಿಯರ್ ಎಂದು ಹೆಸರಿಟ್ಟರು. ಉಂಡವರು ಸುಮ್ಮನೆ ಎದ್ದು ಹೋಗುವುದಿಲ್ಲ. ಮಣ್ಣಿನ ಹರಳಿಗೆ ಅಂಟಿಕೊಂಡ ರಂಜಕವನ್ನು ಬಿಡಿಸಿ ಕೊಡುತ್ತಾರೆ, ಸತ್ತ ಎಲೆ-ಕಡ್ಡಿಯನ್ನು ಕೊಳೆಸಿ ಗೊಬ್ಬರ ಮಾಡುತ್ತಾರೆ, ಕೆಲವರು ರೋಗದ ಜೀವಿಗಳನ್ನು ಹತ್ತಿರ ಸೇರಿಸುವುದಿಲ್ಲ.

ಈಗ ಅವರೆಗೆ ಬರೋಣ. ಅವರೆ, ತೊಗರಿ, ಹೆಸರು, ಅಲಸಂದೆ, ಹುರುಳಿ, ಕಡಲೆಕಾಯಿ ಇವರೆಲ್ಲ ಒಂದೇ ಮನೆತನದವರು. ಹಸಿರಾಗಿರುವ ಒಂದು ಅಲಸಂದೆ ಗಿಡವನ್ನು ಗುದ್ದಲಿಯಿಂದ ಹುಷಾರಾಗಿ ಎಬ್ಬಿಸಿ ನೋಡಿ. ಬೇರಿನಲ್ಲಿ ಅಲ್ಲಲ್ಲಿ ಸಾಸಿವೆ, ಕೊತ್ತಂಬರಿ ಕಾಳಿನ ಗಾತ್ರದ ಗಂಟುಗಳಿರುತ್ತವೆ. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ನಸುಗೆಂಪು. ಗಿಡದಲ್ಲಿ ರಕ್ತವೇ ಎಂದು ಮಕ್ಕಳು ಕಣ್ಣರಳಿಸುತ್ತಾರೆ. ಅದು ಪೂರ್ತಿ ತಪ್ಪಲ್ಲ. ಆ ಕೆಂಪಿಗೆ ಕಾರಣವಾದ ವಸ್ತು ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಹತ್ತಿರದ ನೆಂಟ. ಗಂಟಿನೊಳಗೆ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದ್ದರೂ ಗಿಡಕ್ಕೆ ಅದನ್ನು ನೇರವಾಗಿ ಬಳಸಲು ಬಾರದು. ಈ ಬ್ಯಾಕ್ಟೀರಿಯಾಕ್ಕೆ ಬರುತ್ತದೆ. ಗಿಡ ಸಕ್ಕರೆ ಕೊಡುತ್ತದೆ, ಬ್ಯಾಕ್ಟೀರಿಯಾ ಸಾರಜನಕವನ್ನು ಗಿಡ ಉಣ್ಣುವ ರೂಪಕ್ಕೆ ತಿರುಗಿಸಿ ಕೊಡುತ್ತದೆ. ಆ ಕೆಲಸಕ್ಕೆ ಆಮ್ಲಜನಕ ಹೆಚ್ಚಾದರೆ ತೊಂದರೆ. ಹೆಚ್ಚಾಗದಂತೆ ಹಿಡಿತದಲ್ಲಿಡುವುದು ಆ ಕೆಂಪು ವಸ್ತು. ಒಳಗೆ ಕೆಂಪಿದ್ದರೆ ಗಂಟು ದುಡಿಯುತ್ತಿದೆ, ಹಸಿರೋ ಕಂದೋ ಆಗಿದ್ದರೆ ದುಡಿಮೆ ಮುಗಿದಿದೆ. 1886ರಲ್ಲಿ ಜರ್ಮನಿಯ ಹೆಲ್ರೀಗೆಲ್ ಮತ್ತು ವಿಲ್ಫಾರ್ಟ್ ಈ ಗಂಟುಗಳ ಗುಟ್ಟನ್ನು ಬಿಡಿಸಿದರು. ಎರಡು ವರ್ಷದ ಮೇಲೆ ಹಾಲೆಂಡಿನ ಬೈಯರಿಂಕ್ ಆ ಬ್ಯಾಕ್ಟೀರಿಯಾವನ್ನೇ ಬೇರ್ಪಡಿಸಿ ಸಾಕಿ ತೋರಿಸಿದರು.

ಇಲ್ಲಿ ಒಂದು ಮಾತು. "ಅವರೆ ಹಾಕಿದರೆ ಗೊಬ್ಬರವೇ ಬೇಡ" ಎಂದು ಕೆಲವರು ಉತ್ಸಾಹದಲ್ಲಿ ಹೇಳುವುದುಂಟು. ಅಷ್ಟು ದೂರ ಹೋಗಬೇಡಿ. ಗಂಟು ಗಳಿಸಿದ ಸಾರಜನಕದ ಬಹುಪಾಲನ್ನು ಗಿಡ ಕಾಳಿಗೆ ಸಾಗಿಸುತ್ತದೆ. ಅವರೆಕಾಳಿನಲ್ಲಿ ನಾವು ಮೆಚ್ಚುವ ಪ್ರೋಟೀನ್ ಬಂದದ್ದೇ ಅದರಿಂದ. ಮಣ್ಣಿಗೆ ಉಳಿಯುವುದು ಬೇರು, ಗಂಟು, ಉದುರಿದ ಎಲೆಗಳಲ್ಲಿರುವಷ್ಟು. ಅದನ್ನೂ ಕಿತ್ತು ಕಸದ ಗಾಡಿಗೆ ಹಾಕಿದರೆ ಹಿತ್ತಲಿಗೆ ಉಳಿದದ್ದೇನು? ತಾತ ಬೇರು ಬಿಡು ಎಂದದ್ದಕ್ಕೆ ಇದು ಮೊದಲ ಕಾರಣ. ಒಣ ಬಳ್ಳಿಯನ್ನೂ ತುಂಡು ಮಾಡಿ ಅಲ್ಲೇ ಹಾಸಿಬಿಟ್ಟರೆ ಇನ್ನೂ ಒಳ್ಳೆಯದು.

ಬ್ಯಾಕ್ಟೀರಿಯಾದ ಈ ಸ್ನೇಹ ದ್ವಿದಳ ಧಾನ್ಯದವರ ಭಾಗ್ಯ. ಶಿಲೀಂಧ್ರದ ಸ್ನೇಹ ಮಾತ್ರ ನೆಲದ ಮೇಲಿನ ಹೆಚ್ಚಿನ ಗಿಡಗಳಿಗೆ ಉಂಟು. ಎಲೆಕೋಸು-ಸಾಸಿವೆಯ ಕುಟುಂಬದವರಂಥ ಕೆಲವರಿಗೆ ಮಾತ್ರ ಅದರ ಗೊಡವೆ ಬೇಡ. ಬೇರಿನೊಳಗೆ ಹೊಕ್ಕ ಶಿಲೀಂಧ್ರದ ಎಳೆಗಳು ಬೇರುಕೂದಲಿಗಿಂತಲೂ ಸಪುರ. ಬೇರು ನುಗ್ಗಲಾರದ ಸಂದಿಗೂ ನುಗ್ಗಿ ರಂಜಕವನ್ನೂ ನೀರನ್ನೂ ತಂದುಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ. ಬೇರು-ಶಿಲೀಂಧ್ರದ ಈ ಕೂಡಾವಳಿಗೆ ಮೈಕೋರೈಜಾ ಎಂದು ಹೆಸರು. 1885ರಲ್ಲಿ ಇಟ್ಟದ್ದು. ಸ್ಕಾಟ್ಲೆಂಡಿನಲ್ಲಿ ಸಿಕ್ಕ 40 ಕೋಟಿ ವರ್ಷ ಹಳೆಯ ಗಿಡಗಳ ಪಳೆಯುಳಿಕೆಯಲ್ಲೂ ಇಂಥ ಶಿಲೀಂಧ್ರದ ಗುರುತು ಇದೆ. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಡಿ.ಜೆ. ಬಾಗ್ಯರಾಜ್ ಅವರು ಮೈಕೋರೈಜಾದ ಅಧ್ಯಯನಕ್ಕೇ ಹೆಸರಾದವರು.

ಹಳೆ ಮೈಸೂರು ಸೀಮೆಯ ರಾಗಿ ಹೊಲ ಕಂಡ ಅಜ್ಜಂದಿರಿಗೆ ಅಕ್ಕಡಿ ಸಾಲು ಎಂದರೆ ಏನೆಂದು ಹೇಳಬೇಕಾಗಿಲ್ಲ. ಮಕ್ಕಳಿಗಾಗಿ ಹೇಳುತ್ತೇನೆ. ರಾಗಿಯ ಕೆಲವು ಸಾಲಾದ ಮೇಲೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಹರಳು ಹೀಗೆ ಬೇರೆ ಬೇರೆ ಬೀಜ ಬಿತ್ತುವುದು. ಮಳೆ ಕೈಕೊಟ್ಟು ರಾಗಿ ಹೋದರೂ ಸಾರಿಗೆ ಬೇಳೆಯಾದರೂ ಸಿಗಲಿ ಎಂಬ ಮುಂದಾಲೋಚನೆ. ನೆಲದ ಕೆಳಗಿನ ಲೆಕ್ಕವೂ ಇದಕ್ಕೆ ಹೊಂದುತ್ತದೆ. ರಾಗಿಯದು ತಂತುಬೇರು, ಮೇಲ್ಮಣ್ಣಿನಲ್ಲೇ ಹೆಚ್ಚಾಗಿ ಹರಡುತ್ತದೆ. ತೊಗರಿಯದು ತಾಯಿಬೇರು, ಆಳಕ್ಕೆ ಇಳಿಯುತ್ತದೆ. ಒಬ್ಬರ ತಟ್ಟೆಗೆ ಇನ್ನೊಬ್ಬರು ಅಷ್ಟಾಗಿ ಕೈ ಹಾಕುವುದಿಲ್ಲ.

ಇದಕ್ಕಿಂತ ಸೋಜಿಗ ಒಂದಿದೆ. ಆಳದ ಬೇರುಳ್ಳ ಎಷ್ಟೋ ಗಿಡಗಳು ರಾತ್ರಿ ಹೊತ್ತು ಕೆಳಗಿನ ತೇವವನ್ನು ಮೇಲೆಳೆದು, ಒಣಗಿದ ಮೇಲ್ಮಣ್ಣಿಗೆ ಬಿಡುತ್ತವೆ. ಹಗಲು ಎಲೆಗಳು ನೀರನ್ನು ಸೆಳೆಯುತ್ತಿರುತ್ತವೆ. ಇರುಳು ಎಲೆಯ ರಂಧ್ರಗಳು ಮುಚ್ಚಿದಾಗ ಬೇರಿನಲ್ಲಿ ಮೇಲೆ ಬಂದ ನೀರು ಒಣ ಮಣ್ಣಿನ ಸೆಳೆತಕ್ಕೆ ಹೊರಗೆ ಜಿನುಗುತ್ತದೆ. ತೊಗರಿಯ ಇಂಥ ನೀರು ಪಕ್ಕದ ರಾಗಿಗೆ ಸಿಕ್ಕೀತೇ ಎಂದು ಸ್ವಿಟ್ಜರ್ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿನ ಕೊರತೆಯಲ್ಲಿ, ಮೈಕೋರೈಜಾ ಮತ್ತು ಉಪಕಾರಿ ಬ್ಯಾಕ್ಟೀರಿಯಾಗಳ ನೆರವಿದ್ದಾಗ, ತೊಗರಿಯ ಜೊತೆ ಬೆಳೆದ ರಾಗಿ ಚೆನ್ನಾಗಿ ಬೆಳೆಯಿತು, ಪೋಷಕಾಂಶವನ್ನೂ ಹೆಚ್ಚು ಪಡೆಯಿತು. ಆಲ್ಪ್ಸ್ ಪರ್ವತದ ನಾಡಿನವರು ನಮ್ಮ ರಾಗಿ-ತೊಗರಿಯನ್ನು ಬೆಳೆಸಿ ಅಕ್ಕಡಿ ಸಾಲಿನ ಮರ್ಮ ಹುಡುಕಿದರು ನೋಡಿ!

ಹಾಗೆಂದು ತೊಗರಿಯನ್ನು ರಾಗಿಯ ಮೈಮೇಲೆ ಒತ್ತಾಗಿ ಬಿತ್ತಿದರೆ ಸ್ನೇಹ ಹೋಗಿ ಜಗಳವಾಗುತ್ತದೆ. ನೀರಿಗೆ, ಬಿಸಿಲಿಗೆ ಪೈಪೋಟಿ ಬೀಳುತ್ತದೆ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂದು ಕೃಷಿ ವಿಜ್ಞಾನಿಗಳು ಶಿಫಾರಸು ಮಾಡುತ್ತಾರೆ. ನಿಮ್ಮ ಅಜ್ಜನ ಕಾಲದಲ್ಲಿ ಎಷ್ಟಕ್ಕೆ ಎಷ್ಟಿತ್ತು, ಕೂರಿಗೆಯ ಹಿಂದೆ ಅಕ್ಕಡಿ ಬೀಜ ಬಿಡುತ್ತಿದ್ದವರು ಯಾರು ಎಂದು ಕೇಳಿ ಬರೆದಿಟ್ಟುಕೊಳ್ಳಿ. ನಾನು ಕೇಳಿದ ಮನೆಗಳಲ್ಲೆಲ್ಲ ಅದು ಅಜ್ಜಿಯಂದಿರ ಕೆಲಸವಾಗಿತ್ತು.

ತಾತನ ಎರಡನೆಯ ಕಾರಣ ಮಣ್ಣಿನ ಮೈಕಟ್ಟಿಗೆ ಸೇರಿದ್ದು. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಅರ್ಧದಷ್ಟು ಮಣ್ಣೇ ಅಲ್ಲ, ಖಾಲಿ ಜಾಗ. ಆ ಸಂದಿಗಳಲ್ಲಿ ಗಾಳಿ ಓಡಾಡಬೇಕು, ನೀರು ನಿಲ್ಲಬೇಕು. ಬೇರಿಗೂ ನಮ್ಮ ಹಾಗೆ ಉಸಿರಾಟವುಂಟು. ದಿನವೂ ಭಕ್ತಿಯಿಂದ ಕೊಡಗಟ್ಟಲೆ ನೀರು ಸುರಿದು ತುಳಸಿ ಕೊಳೆಯಿತೆಂದು ಪೇಚಾಡುವವರು ಇದನ್ನು ಗಮನಿಸಬೇಕು. ಅದು ಬಾಯಾರಿ ಸತ್ತದ್ದಲ್ಲ, ಉಸಿರುಕಟ್ಟಿ ಸತ್ತದ್ದು. ರಸ್ತೆ ಬದಿಯ ಮರದ ಬುಡಕ್ಕೆ ಕಾಂಕ್ರೀಟ್ ಬಳಿಯುವುದೂ ಅಂಥದ್ದೇ. ದೆಹಲಿಯಲ್ಲಿ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಯಿರಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಬೇಕಾಯಿತು.

ಈ ಸಂದಿಗಳನ್ನು ಕಟ್ಟುವ ಮೇಸ್ತ್ರಿಗಳಲ್ಲಿ ಬೇರೂ ಒಬ್ಬ. ಬೇರಿನ ಲೋಳೆ, ಬ್ಯಾಕ್ಟೀರಿಯಾದ ಅಂಟು, ಶಿಲೀಂಧ್ರದ ಎಳೆ ಸೇರಿ ಪುಡಿಮಣ್ಣನ್ನು ಕಾಳುಕಾಳಾಗಿ ಕಟ್ಟುತ್ತವೆ. ಉಪ್ಪಿಟ್ಟಿನ ರವೆ ಉದುರುದುರಾಗಿ ಇದ್ದರೆ ಹೇಗೋ ಹಾಗೆ. ಈ ಅಂಟು ಇಲ್ಲದ ಮಣ್ಣು ಮಳೆ ಬಿದ್ದೊಡನೆ ಕರಗಿ ಅಂಬಲಿಯಾಗುತ್ತದೆ, ಬಿಸಿಲು ಬಂದೊಡನೆ ಹೆಪ್ಪುಗಟ್ಟಿ ಹಪ್ಪಳವಾಗುತ್ತದೆ. ಬೇರು ಸತ್ತ ಮೇಲೂ ಅದರ ಉಪಕಾರ ನಿಲ್ಲುವುದಿಲ್ಲ. ಕೊಳೆತ ಬೇರಿನ ಜಾಗದಲ್ಲಿ ಒಂದು ಸುರಂಗ ಉಳಿಯುತ್ತದೆ. ಮಳೆನೀರು ಅದರಲ್ಲಿ ಸರಾಗವಾಗಿ ಇಳಿಯುತ್ತದೆ. ಎರೆಹುಳು ಓಡಾಡುತ್ತದೆ. ಮುಂದಿನ ಬೆಳೆಯ ಬೇರು ಗಟ್ಟಿ ಮಣ್ಣನ್ನು ಕೊರೆಯುವ ಕಷ್ಟವಿಲ್ಲದೆ ಅದೇ ದಾರಿ ಹಿಡಿದು ಇಳಿಯುತ್ತದೆ. ಬೇರನ್ನು ಕಿತ್ತರೆ ಆ ಸುರಂಗ ಕುಸಿಯುತ್ತದೆ, ಕಟ್ಟಿದ ಕಾಳು ಒಡೆಯುತ್ತದೆ.

ನಂಬಿಕೆ ಬಾರದಿದ್ದರೆ ಪರೀಕ್ಷೆ ಮಾಡಿ. ಹಲವು ತಿಂಗಳಿಂದ ಹುಲ್ಲೋ ಗಿಡವೋ ಇರುವ ಕಡೆಯಿಂದ ನಿಂಬೆಹಣ್ಣಿನ ಗಾತ್ರದ ಒಂದು ಹೆಂಟೆ ತನ್ನಿ. ಪಕ್ಕದಲ್ಲೇ, ಏನೂ ಬೆಳೆಯದೆ ಬರಿದಾಗಿ ಬಿದ್ದಿರುವ, ಮತ್ತೆ ಮತ್ತೆ ಅಗೆಯುವ ಜಾಗದಿಂದ ಅದೇ ಗಾತ್ರದ ಇನ್ನೊಂದು. ಎರಡೂ ಒಂದೇ ಬಣ್ಣದ, ಒಂದೇ ಬಗೆಯ ಮಣ್ಣಾಗಿರಲಿ. ನೆರಳಿನಲ್ಲಿ ಎರಡು-ಮೂರು ದಿನ ಚೆನ್ನಾಗಿ ಒಣಗಲಿ. ಎರಡು ಗಾಜಿನ ಲೋಟದ ತುಂಬ ನೀರು ತುಂಬಿ, ಬಾಯಿಗೆ ಒಂದೊಂದು ಟೀ ಜರಡಿ ಇಟ್ಟು, ಹೆಂಟೆ ಮುಳುಗುವಂತೆ ಒಟ್ಟಿಗೇ ಇಳಿಸಿ. (ಜರಡಿಯನ್ನು ಆಮೇಲೆ ತೊಳೆದಿಡಿ, ನನ್ನ ಹೆಸರು ಕೆಡಿಸಬೇಡಿ.) ಬರಿಮಣ್ಣಿನ ಹೆಂಟೆ ಸಾಮಾನ್ಯವಾಗಿ ನೋಡುತ್ತಿದ್ದಂತೆಯೇ ಕಳಚಿ ಲೋಟದ ತಳ ಸೇರುತ್ತದೆ, ನೀರು ಬಗ್ಗಡವಾಗುತ್ತದೆ. ಬೇರಿನ ಹೆಂಟೆ ಬಹಳ ಹೊತ್ತು ಹಿಡಿದು ನಿಲ್ಲುತ್ತದೆ. ಬಗ್ಗಡವಾದ ಲೋಟವೇ ಜೋರುಮಳೆಯ ದಿನ ಹೊಲದಿಂದ ಹರಿಯುವ ಕೆಂಪು ಕಾಲುವೆ. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು, ಹೋಗಲು ಕೆಲವು ಮಳೆ ಸಾಕು.

ಗುಂಡ್ಲುಪೇಟೆಯ ಕಡೆಯ ರೈತರು ಹೊಲದ ಗಡಿಗೆ ಲಾವಂಚ ನೆಡುತ್ತಿದ್ದರು. ಬೇಸಗೆಯಲ್ಲಿ ಕುಡಿಯುವ ನೀರಿನ ಮಡಕೆಗೆ ಹಾಕುತ್ತಾರಲ್ಲ, ಆ ಪರಿಮಳದ ಬೇರಿನ ಹುಲ್ಲು. ಅದರ ಬೇರು ಅಕ್ಕಪಕ್ಕದ ಬೆಳೆಗೆ ಹೆಚ್ಚು ಕಾಟ ಕೊಡದೆ ನೆಟ್ಟಗೆ ಕೆಳಗಿಳಿಯುತ್ತದೆ, ಮೂರು ಮೀಟರ್ ಆಳಕ್ಕೂ ಹೋಗುತ್ತದೆ. ಮೇಲೆ ಒತ್ತಾದ ಹುಲ್ಲು ನೀರಿನ ಓಟ ತಗ್ಗಿಸುತ್ತದೆ, ಕೊಚ್ಚಿಬಂದ ಮಣ್ಣು ಅಲ್ಲೇ ತಂಗುತ್ತದೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ತಜ್ಞರು ಲಾವಂಚದ ಗುಣ ಕಂಡು ಊರೂರಿಗೆ ಹೇಳಿಕೊಟ್ಟರು. ಗುಂಡ್ಲುಪೇಟೆಯವರಿಗೆ ಅದು ಹೊಸ ಪಾಠವಲ್ಲ. ಮಡಕೆಯ ಆಸೆಗೆ ಬದುವಿನ ಲಾವಂಚವನ್ನು ಮಾತ್ರ ಅಗೆಯಬಾರದು. ಮಡಕೆಗೆ ಬೇಕಾದದ್ದನ್ನು ಬೇರೆ ಪಾತಿಯಲ್ಲಿ ಬೆಳೆಸಿಕೊಳ್ಳಬೇಕು.

ಅಗೆಯುವ ಮಾತು ಬಂದಾಗ ಮಾಗಳಿ ಬೇರು ನೆನಪಾಗದೆ ಇರದು. ಅದರ ಉಪ್ಪಿನಕಾಯಿ ಕೆಲವರಿಗೆ ಘಮಘಮ, ಕೆಲವರಿಗೆ ತಿಗಣೆ ವಾಸನೆ. ನಾನು ಘಮಘಮದ ಪಕ್ಷ. ಮೂಲಂಗಿಯನ್ನು ಕಿತ್ತರೆ ಮತ್ತೆ ಬಿತ್ತುತ್ತೇವೆ, ಗೆಣಸು ಅಗೆದರೆ ಮತ್ತೆ ಬಳ್ಳಿ ನೆಡುತ್ತೇವೆ. ಮಾಗಳಿಯನ್ನು ಹೆಚ್ಚಾಗಿ ಕಾಡುಗುಡ್ಡದ ಕಲ್ಲುಸಂದಿಯಿಂದ ಬುಡಸಮೇತ ತೆಗೆದದ್ದೇ ಹೊರತು ನೆಟ್ಟವರು ಕಡಿಮೆ. ಅದಕ್ಕೇ ಈಗ ಕಾಡಿನಲ್ಲಿ ಅಪರೂಪವಾಗುತ್ತಿದೆ.

ಇನ್ನು ಪುಟ್ಟಿಯ ನಾಲ್ಕಾಣೆ. ರೋಗ ಬಂದ ಗಿಡವನ್ನು ಬೇರುಸಹಿತ ಕೀಳಲೇಬೇಕು. ಬದನೆ, ಟೊಮೆಟೊ ಗಿಡ ಹಸಿರಾಗಿರುವಾಗಲೇ ಇದ್ದಕ್ಕಿದ್ದಂತೆ ಬಾಡಿದರೆ ಕಾಂಡದ ಒಂದು ತುಂಡನ್ನು ಕೊಯ್ದು ಗಾಜಿನ ಲೋಟದ ನೀರಿನಲ್ಲಿ ತೂಗುಬಿಡಿ. ಕೊಯ್ದ ತುದಿಯಿಂದ ಹಾಲಿನಂತೆ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದ ಸೊರಗುರೋಗ. ಇನ್ನೊಂದು, ಜಂತುಹುಳುವಿನ ಬೇರುಗಂಟು ರೋಗ. ಹೆಸರಲ್ಲಿ ಗಂಟಿದೆ, ಅವರೆಯ ಗಂಟಿಗೂ ಇದಕ್ಕೂ ಸಂಬಂಧವಿಲ್ಲ. ಗುರುತು ಹಿಡಿಯುವುದು ಸುಲಭ. ಅವರೆಯ ಒಳ್ಳೆಯ ಗಂಟು ಬೇರಿನ ಪಕ್ಕಕ್ಕೆ ಮಣಿಯಂತೆ ಅಂಟಿಕೊಂಡಿರುತ್ತದೆ, ಬೆರಳಿನಲ್ಲಿ ಉಜ್ಜಿದರೆ ಕಳಚಿ ಬರುತ್ತದೆ. ರೋಗದ ಗಂಟು ಬೇರೇ ಊದಿಕೊಂಡದ್ದು, ಬೇರು ಹರಿಯದೆ ಬರುವುದಿಲ್ಲ. ಇಂಥ ಗಿಡಗಳನ್ನು ಕಿತ್ತು ದೂರ ಹಾಕಬೇಕು. ಗೊಬ್ಬರದ ಗುಂಡಿಗೂ ಬೇಡ. ಆ ಜಾಗದಲ್ಲಿ ಮತ್ತೆ ಬದನೆ, ಟೊಮೆಟೊ, ಮೆಣಸಿನಕಾಯಿಯನ್ನು ಕೂಡಲೇ ಹಾಕಬಾರದು. ಗರಿಕೆ, ಕೊನ್ನಾರಿಯಂಥ ಕಳೆಗಳನ್ನೂ ಬುಡಕ್ಕೆ ಕೊಯ್ದು ಬಿಟ್ಟರೆ ನಾಲ್ಕು ದಿನಕ್ಕೆ ನಗುತ್ತ ಏಳುತ್ತವೆ. ಅವನ್ನು ಗೆಡ್ಡೆ-ಬೇರಿನ ಸಮೇತ ಅಗೆದೇ ತೆಗೆಯಬ���ಕು. ಕಡಲೆಕಾಯಿಯನ್ನಂತೂ ಕೀಳದೆ ತಿನ್ನುವ ಉಪಾಯವೇ ಇಲ್ಲ. ತೊಗರಿ ಕಡ್ಡಿಯನ್ನು ಒಲೆಗೆ ಬೇಕೆಂದು ಬುಡಸಮೇತ ಕಿತ್ತ ಮನೆಗಳೂ ಇದ್ದವು. ಬೇರೆ ಸೌದೆ ಇಲ್ಲದವರನ್ನು ಇದಕ್ಕಾಗಿ ಬೈಯುವ ಮನಸ್ಸು ನನಗಿಲ್ಲ.

ನಿಮ್ಮ ಅವರೆಗೆ ರೋಗವಿಲ್ಲ ಎಂದು ನಿನ್ನ ಕಾಗದದಿಂದ ತೋರುತ್ತದೆ ಪುಟ್ಟಿ. ಹಾಗಾದರೆ ತಾತನ ಕೈಯಲ್ಲಿ ಕುಡುಗೋಲು ಕೊಡು. ನೆಲಕ್ಕೆ ಸಮನಾಗಿ ಕೊಯ್ದ ಮೇಲೆ ಬುಡಗಳ ನಡುವೆ ಸಣ್ಣ ಗುಳಿ ಮಾಡಿ ಮೆಂತ್ಯವನ್ನೋ ದಂಟನ್ನೋ ಬಿತ್ತು. ಒಂದು ಬುಡವನ್ನು ಮಾತ್ರ ಗುರುತಿಗೆ ಕಡ್ಡಿ ನೆಟ್ಟು ಬಿಡು. ಎರಡು ತಿಂಗಳಾದ ಮೇಲೆ ಅಲ್ಲಿ ಅಗೆದು ನೋಡಿ, ಹಳೆಯ ಬೇರು ಏನಾಗಿದೆ, ಅದರ ದಾರಿಯಲ್ಲಿ ಯಾರು ಬಂದು ಸೇರಿದ್ದಾರೆ ಎಂದು ಚಿತ್ರ ಬರೆದು ಕಳಿಸು. ಲೋಟದ ಪರೀಕ್ಷೆ ಮಾಡಿದ ಉಳಿದ ಮಕ್ಕಳೂ ಬರೆಯಿರಿ: ನಿಮ್ಮದು ಕೆಂಪು ಮಣ್ಣೋ ಕಪ್ಪು ಮಣ್ಣೋ, ಯಾವ ಗಿಡದ ಬುಡದ್ದು, ಯಾವ ಹೆಂಟೆ ಎಷ್ಟು ನಿಮಿಷ ನಿಂತಿತು. ಗಡಿಯಾರ ನೋಡಿ ಹೇಳುವ ಕೆಲಸ ಅಜ್ಜ-ಅಜ್ಜಿಯರಿಗಿರಲಿ.